ಮೊದಲ ಕ್ಯಾಂಪೇನ್ ಮುಗಿಯಿತು, ಹೊಸ ಡಿಎಂ ಮುಂದೆ ಯಾವುದನ್ನು ಆಡಿಸಬೇಕು?

ಹೊಸಡಿಎಂ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಡಿಎಂ (ಡಂಜನ್ ಮಾಸ್ಟರ್, ಅಂದರೆ ಕಥೆ ನಡೆಸುವವರು) ಆಗಿ ಆಡಿಸಿದ ಮೊದಲ ಕ್ಯಾಂಪೇನ್ (ಹಲವು ಸೆಷನ್‌ಗಳಲ್ಲಿ ಆಡುವ ಉದ್ದ ಕಥೆ) ಈಗಷ್ಟೇ ಮುಗಿದಿದೆ. ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ, ಪಾತ್ರಗಳಾಗಿ ಆಡುವ ಆಟ) ಐದನೇ ಆವೃತ್ತಿಯ 2014ರ ಸ್ಟಾರ್ಟರ್ ಸೆಟ್‌ನಲ್ಲಿ ಬಂದ ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್. ನಾಲ್ಕು ಜನ ಆಟಗಾರರು: ಫೈಟರ್ (ಯೋಧ), ರೋಗ್ (ಚಾಲಾಕಿ ಕಳ್ಳ), ಕ್ಲೆರಿಕ್ (ದೈವಶಕ್ತಿಯ ಪೂಜಾರಿ), ವಿಜರ್ಡ್ (ಮಂತ್ರವಾದಿ). ಎಲ್ಲರೂ ಈಗ ಲೆವೆಲ್ 5 (ಪಾತ್ರದ ಬಲದ ಮಟ್ಟ). ಕೊನೆಯ ಗಣಿಯಲ್ಲಿ ಖಳನಾಯಕ ಬ್ಲ್ಯಾಕ್ ಸ್ಪೈಡರ್ ಸತ್ತ, ಗಂಡ್ರೆನ್ ಮತ್ತು ಅವನ ತಮ್ಮ ನಂಡ್ರೊ ಬದುಕಿದರು, ಎಲ್ಲರೂ ಖುಷಿಯಾಗಿದ್ದಾರೆ. ಮುಗಿದ ಕೂಡಲೇ ನಾಲ್ಕೂ ಜನ "ಮುಂದೇನು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಿದ್ಧ ಕ್ಯಾಂಪೇನ್ ಪುಸ್ತಕಗಳ ಬಗ್ಗೆ ಓದಿ ನೋಡಿ ಪಟ್ಟಿ ಮಾಡಿದ್ದೇನೆ. ಕರ್ಸ್ ಆಫ್ ಸ್ಟ್ರಾಡ್, ಸ್ಟಾರ್ಮ್ ಕಿಂಗ್ಸ್ ಥಂಡರ್, ಟೂಂಬ್ ಆಫ್ ಅನೈಹಿಲೇಷನ್, ಅಥವಾ 2023ರಲ್ಲಿ ಬಂದ ಫ್ಯಾಂಡೆಲ್ವರ್ ಅಂಡ್ ಬಿಲೋ. ಕೊನೆಯದು ನಾವು ಆಡಿದ ಕಥೆಯನ್ನೇ ಲೆವೆಲ್ 12ರವರೆಗೆ ಮುಂದುವರಿಸುತ್ತದಂತೆ. ಎಲ್ಲದರ ಬಗ್ಗೆಯೂ ಒಬ್ಬರು ಹೊಗಳಿದರೆ ಇನ್ನೊಬ್ಬರು "ಹೊಸ ಡಿಎಂಗೆ ಬೇಡ" ಅನ್ನುತ್ತಾರೆ.

ನಮ್ಮ ಗುಂಪಿನ ಬಗ್ಗೆ ಹೇಳಿಬಿಡುತ್ತೇನೆ. ಫೈಟರ್ ಆಡುವವರಿಗೆ ಹೊಡೆದಾಟ ಇಷ್ಟ. ರೋಗ್ ಆಡುವವರು ಯಾರ ಜೊತೆ ಬೇಕಾದರೂ ಮಾತಿಗಿಳಿಯುತ್ತಾರೆ, ಅವರಿಂದಲೇ ಅರ್ಧ ಆಟ ನಡೆಯುತ್ತದೆ. ವಿಜರ್ಡ್ ಆಡುವವರು ಕಡಿಮೆ ಮಾತಾಡುತ್ತಾರೆ, ಆದರೆ ಒಂದು ಸೆಷನ್ನೂ ತಪ್ಪಿಸುವುದಿಲ್ಲ. ಕ್ಲೆರಿಕ್‌ಗೆ ಊರಿನ ಜನರ ಮೇಲೆ ಪ್ರೀತಿ. ನನಗೆ ಪಾತ್ರಗಳ ದನಿ ಮಾಡೋದು, ಖಳನಾಯಕ ಯಾಕೆ ಹಾಗೆ ಮಾಡ್ತಾನೆ ಅಂತ ಯೋಚಿಸೋದು ತುಂಬಾ ಇಷ್ಟ. ದೊಡ್ಡ ನಕ್ಷೆ, ಪ್ರಯಾಣದ ದಿನ ಎಣಿಸೋದು ಅಷ್ಟು ಇಷ್ಟವಿಲ್ಲ. ತಯಾರಿಗೆ ವಾರದಲ್ಲಿ ಒಂದು ಸಂಜೆ ಸಿಗುತ್ತದೆ, ಅಷ್ಟೇ.

ಇದೇ ಪಾತ್ರಗಳನ್ನು ಮುಂದುವರಿಸಲಾ, ಹೊಸ ಪಾತ್ರಗಳಾ? ಯಾವ ಪುಸ್ತಕ ತೆಗೆದುಕೊಳ್ಳಲಿ?

ಇಪ್ಪತ್ತುಮುಖ:

ಮೊದಲು ಪಾತ್ರಗಳ ಪ್ರಶ್ನೆ ತೀರ್ಮಾನ ಮಾಡಿಕೊಳ್ಳಿ. ಪುಸ್ತಕ ಆಮೇಲೆ. ಯಾಕಂದ್ರೆ ಇದೇ ಪಾತ್ರಗಳು ಅಂತ ಹೇಳಿದ ತಕ್ಷಣ ಅರ್ಧ ಪಟ್ಟಿ ತಾನಾಗಿ ಬಿದ್ದುಹೋಗುತ್ತದೆ.

ಹೆಚ್ಚಿನ ಪುಸ್ತಕಗಳು ಲೆವೆಲ್ 1ರಿಂದ ಶುರುವಾಗುತ್ತವೆ. ವಾಟರ್‌ಡೀಪ್ ಡ್ರ್ಯಾಗನ್ ಹೈಸ್ಟ್ ಲೆವೆಲ್ 5ಕ್ಕೆ ಮುಗಿದೇಹೋಗುತ್ತದೆ, ನಿಮ್ಮ ಪಾತ್ರಗಳು ಅಲ್ಲಿಗೆ ಹೋದರೆ ಮಾಡಲು ಏನೂ ಉಳಿಯುವುದಿಲ್ಲ. ಐಸ್‌ವಿಂಡ್ ಡೇಲ್ ಪುಸ್ತಕದ ಸೊಗಸೆಲ್ಲ ಮೊದಲ ಕೆಲವು ಲೆವೆಲ್‌ಗಳಲ್ಲಿ ಹತ್ತು ಊರುಗಳ ಸುತ್ತ ಇದೆ, ಅದನ್ನು ಬಿಟ್ಟು ಒಳಗೆ ನುಗ್ಗುವುದು ನಷ್ಟ. ಸ್ಟಾರ್ಮ್ ಕಿಂಗ್ಸ್ ಥಂಡರ್ ಮಾತ್ರ ನಿಮಗೆ ಅಂತಲೇ ಬರೆದ ಹಾಗಿದೆ. ಅದರ ಮೊದಲ ಅಧ್ಯಾಯದ ಕೆಲಸವೇ ಪಾತ್ರಗಳನ್ನು ಲೆವೆಲ್ 5ಕ್ಕೆ ತರುವುದು, ನೀವು ಅದನ್ನು ದಾಟಿಯಾಗಿದೆ. ಎರಡನೇ ಅಧ್ಯಾಯದಲ್ಲಿ ಮೂರು ಊರುಗಳ ಪೈಕಿ ಒಂದರ ಮೇಲೆ ದೈತ್ಯರ ದಾಳಿ ಆಗುತ್ತದೆ. ಅದರಲ್ಲಿ ಟ್ರೈಬೋರ್ ಕೂಡ ಇದೆ. ಗಾಬ್ಲಿನ್‌ಗಳು ನಿಮ್ಮವರ ಮೇಲೆ ಮೊದಲ ಸಲ ಎರಗಿದ್ದು ಟ್ರೈಬೋರ್ ದಾರಿಯಲ್ಲೇ ಅಲ್ವಾ? ಆ ದಾಳಿಯ ಹೊತ್ತಿಗೆ ಪ್ರತಿ ಆಟಗಾರರಿಗೂ ಊರಿನ ಒಬ್ಬೊಬ್ಬರನ್ನು ಜೊತೆಗೆ ಆಡಿಸಲು ಕೊಡುತ್ತಾರೆ. ನಿಮ್ಮ ರೋಗ್ ಆಡುವವರಿಗೆ ಹಬ್ಬ.

ಆದರೆ ಮೂರನೇ ಅಧ್ಯಾಯ ನೋಡಿ ಆಮೇಲೆ ನಿರ್ಧಾರ ಮಾಡಿ. ಅದು ಕಥೆಗಿಂತ ಜಾಸ್ತಿ ಒಂದು ಊರುಗಳ ಕೋಶ. ಕಥೆಯ ಲೋಕದ ಇಡೀ ಉತ್ತರ ಭಾಗವನ್ನು ನಿಮ್ಮ ಮುಂದೆ ಹರಡಿ, ಎಲ್ಲಿಗೆ ಹೋಗುತ್ತಾರೋ ಹೋಗಲಿ ಅಂತ ಬಿಟ್ಟುಬಿಡುತ್ತದೆ. ದೊಡ್ಡ ನಕ್ಷೆ ಇಷ್ಟವಿಲ್ಲ ಅಂದಿದ್ದೀರಿ, ಅಲ್ಲಿ ಕಷ್ಟವಾಗುತ್ತದೆ.

ಮಂಜಿನದಾರಿ:

ಕರ್ಸ್ ಆಫ್ ಸ್ಟ್ರಾಡ್. ಯೋಚನೆಯೇ ಬೇಡ.

ಖಳನಾಯಕ ಯಾಕೆ ಹಾಗೆ ಮಾಡ್ತಾನೆ ಅಂತ ಯೋಚಿಸೋದು ಇಷ್ಟ ಅಂದಿರಲ್ಲ, ಹಾಗಿದ್ದರೆ ನಿಮಗೆ ಬೇಕಾದ ಪುಸ್ತಕ ಇದೇ. ಬೇರೆ ಕ್ಯಾಂಪೇನ್‌ಗಳಲ್ಲಿ ಖಳನಾಯಕ ಕೊನೆಯ ಕೋಣೆಯಲ್ಲಿ ಕಾಯುತ್ತಾ ಕೂತಿರುತ್ತಾನೆ. ನಿಮ್ಮ ಬ್ಲ್ಯಾಕ್ ಸ್ಪೈಡರ್ ಹಾಗೇ ಇದ್ದ, ಅವನ ಮುಖ ಆಟಗಾರರಿಗೆ ಕಾಣುವುದೇ ಕೊನೆಗೆ. ಸ್ಟ್ರಾಡ್ ಅನ್ನುವ ಈ ರಕ್ತಪಿಶಾಚಿ ಹಾಗಲ್ಲ. ಅವನ ನಾಡಾದ ಬರೋವಿಯಾಕ್ಕೆ ಕಾಲಿಟ್ಟ ಮೇಲೆ ಅವನು ಯಾವಾಗ ಬೇಕಾದರೂ ಬರಬಹುದು. ಕಾಗದ ಬರೆದು ಊಟಕ್ಕೆ ಕರೆಯುತ್ತಾನೆ, ಅಣಕಿಸುತ್ತಾನೆ, ಯಾರಲ್ಲಿ ಯಾವ ದೌರ್ಬಲ್ಯ ಇದೆ ಅಂತ ಪರೀಕ್ಷೆ ಮಾಡುತ್ತಾನೆ, ಗೆಲ್ಲಬಹುದಾಗಿದ್ದರೂ ಸುಮ್ನೆ ಹೊರಟುಹೋಗುತ್ತಾನೆ. ಡಿಎಂಗೆ ಆಡಲು ಇಷ್ಟು ಒಳ್ಳೆಯ ಪಾತ್ರ ಇನ್ನೊಂದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ನಕ್ಷೆಯೂ ಚಿಕ್ಕದು. ಸುತ್ತ ಮಂಜು, ಹೊರಗೆ ಹೋಗಲು ಆಗುವುದಿಲ್ಲ. ಒಂದು ಕಣಿವೆ, ಕೆಲವು ಊರು, ಒಂದು ಕೋಟೆ. ಶುರುವಿನಲ್ಲಿ ಮೇಡಂ ಈವಾ ಟ್ಯಾರೊಕ್ಕಾ ಅನ್ನುವ ಇಸ್ಪೀಟಿನಂಥ ಎಲೆಗಳನ್ನು ಹಾಕಿ ಭವಿಷ್ಯ ಹೇಳುತ್ತಾಳೆ. ಮೂರು ವಸ್ತುಗಳು ಎಲ್ಲಿವೆ, ಜೊತೆಗೆ ನಿಲ್ಲುವವರು ಯಾರು, ಸ್ಟ್ರಾಡ್ ಕೊನೆಗೆ ಎಲ್ಲಿ ಸಿಗುತ್ತಾನೆ ಎಲ್ಲವೂ ಆ ಎಲೆಗಳಲ್ಲೇ ನಿರ್ಧಾರವಾಗುತ್ತದೆ. ಹಾಗಾಗಿ ಆಟಗಾರರಿಗೆ ಮುಂದೆ ಎಲ್ಲಿಗೆ ಅನ್ನುವ ಗೊಂದಲ ಇರುವುದಿಲ್ಲ, ನಿಮಗೂ ಮುಂದಿನ ವಾರಕ್ಕೆ ಏನು ಓದಬೇಕು ಅಂತ ಗೊತ್ತಿರುತ್ತದೆ.

2020ರಲ್ಲಿ ಬಂದ ಪರಿಷ್ಕೃತ ಆವೃತ್ತಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಹಳೆಯದರಲ್ಲಿ ವಿಸ್ತಾನಿ ಅನ್ನುವ ಅಲೆಮಾರಿ ಜನರನ್ನು ತೋರಿಸಿದ ರೀತಿ ಸರಿ ಇರಲಿಲ್ಲ, ಅದನ್ನು ತಿದ್ದಿದ್ದಾರೆ.

ನಕ್ಷೆಮಾತು:

ಮೇಲಿನವರು ಹೇಳಿದ್ದು ನಿಜ, ಆದರೆ ಒಂದು ವಿಷಯ ಬಿಟ್ಟಿದ್ದಾರೆ. ಅದು ಭಯಾನಕ ಕಥೆ, ಬರೀ ರಕ್ತಪಿಶಾಚಿ ಇರುವ ಸಾಹಸ ಕಥೆ ಅಂತ ಅಂದುಕೊಂಡು ಹೋಗಬೇಡಿ. ಮಕ್ಕಳಿಗೆ ಆಗುವ ಹಿಂಸೆ ಇದೆ. ಮನಸ್ಸನ್ನು ವಶ ಮಾಡಿಕೊಳ್ಳುವುದು ಇದೆ. ಒಬ್ಬ ಹೆಣ್ಣಿನ ಬೆನ್ನು ಬಿಡದೆ ಕಾಡುವ ಗಂಡಸು ಇಡೀ ಕಥೆಯ ನಡುವೆಯೇ ಇದ್ದಾನೆ. ಶುರು ಮಾಡುವ ಮುಂಚೆ ಸೆಷನ್ ಜೀರೊ ಕೂತು, ಯಾವುದು ಬೇಡವೇ ಬೇಡ, ಯಾವುದು ಕಥೆಯಲ್ಲಿದ್ದರೂ ವಿವರ ಬೇಡ ಅಂತ ನಾಲ್ಕೂ ಜನರನ್ನು ಕೇಳಿ. ಗುಂಪಿನಲ್ಲಿ ಹೇಳಲು ಮುಜುಗರ ಆಗುವವರಿಗೆ ಬೇರೆಯಾಗಿ ಬರೆದು ಕಳಿಸಲು ಹೇಳಿ. ಮೇಜಿನ ಮೇಲೆ ಒಂದು ಎಕ್ಸ್ ಕಾರ್ಡ್ ಇರಲಿ, ಯಾರಾದರೂ ಮುಟ್ಟಿದರೆ ಕಾರಣ ಕೇಳದೆ ಆ ದೃಶ್ಯ ಬಿಟ್ಟು ಮುಂದೆ ಹೋಗಿ. ಇದು ಭಯಾನಕ ಕ್ಯಾಂಪೇನ್‌ಗೆ ಡೈಸ್‌ನಷ್ಟೇ ಬೇಕಾದ ವಸ್ತು.

ಇನ್ನೊಂದು. ನಿಮ್ಮ ಕ್ಲೆರಿಕ್‌ಗೆ ಊರಿನ ಜನರ ಮೇಲೆ ಪ್ರೀತಿ ಅಂದಿರಿ. ಬರೋವಿಯಾಕ್ಕೆ ಹೋದರೆ ಆ ಊರು ಹೋಯಿತು. ಎಷ್ಟೋ ದಿನ ಕಟ್ಟಿಕೊಂಡ ಸಂಬಂಧಗಳನ್ನೆಲ್ಲ ಮಂಜಿನ ಆಚೆ ಬಿಟ್ಟು ಹೋಗಬೇಕು. ಸ್ಟ್ರಾಡ್ ಆಡಿಸುವುದೇ ಆದರೆ ಹೊಸ ಪಾತ್ರಗಳ ಜೊತೆ ಲೆವೆಲ್ 1 ಅಥವಾ 3ರಿಂದ ಆಡಿಸಿ. ಲೆವೆಲ್ 1ರಿಂದ ಆದರೆ ಡೆತ್ ಹೌಸ್ ಅನ್ನುವ ಭಾಗ ಇದೆ, ಪಾತ್ರಗಳು ಅಲ್ಲಿ ಸಾಯುವ ಸಾಧ್ಯತೆ ನಿಜವಾಗಿಯೂ ಜಾಸ್ತಿ, ಅದನ್ನೂ ಮೊದಲೇ ಹೇಳಿ. ಅದು ಬೇಡ ಅಂದರೆ ಲೆವೆಲ್ 3. ಲೆವೆಲ್ 5ರ ಪಾತ್ರಗಳಿಗೆ ಮೊದಲ ಕೆಲವು ಜಾಗಗಳಲ್ಲಿ ಹೆದರಿಕೆಯೇ ಆಗುವುದಿಲ್ಲ, ಹೆದರಿಕೆ ಇಲ್ಲದಿದ್ದರೆ ಆ ಕ್ಯಾಂಪೇನ್‌ನಲ್ಲಿ ಉಳಿಯುವುದೇನು?

ಟೂಂಬ್ ಆಫ್ ಅನೈಹಿಲೇಷನ್ ನಿಮಗೆ ಬೇಡ. ಒಳ್ಳೆಯ ಪುಸ್ತಕ, ನನಗೆ ತುಂಬಾ ಪ್ರಿಯವಾದದ್ದು, ಆದರೆ ಅದು ನಿಂತಿರುವುದೇ ಪ್ರಯಾಣದ ಮೇಲೆ. ಚುಲ್ಟ್ ಕಾಡಿನ ನಕ್ಷೆ ಷಡ್ಭುಜಗಳಲ್ಲಿದೆ, ಒಂದೊಂದು 10 ಮೈಲಿ. ದಿನದಿನವೂ ದಾರಿ ತಪ್ಪಿದೆವಾ, ನೀರು ಎಷ್ಟಿದೆ, ಕೀಟ ಓಡಿಸುವ ಮುಲಾಮು ಹಚ್ಚಿಕೊಂಡಿದ್ದೀರಾ, ಎದುರಿಗೆ ಏನು ಬಂತು ಅಂತ ಡೈಸ್ ಹಾಕಬೇಕು. ಅದೂ ಅಲ್ಲದೆ ಸತ್ತವರನ್ನು ಮಂತ್ರದಿಂದ ಬದುಕಿಸಲು ಆಗದಂಥ ಶಾಪ ಜಗತ್ತಿನ ಮೇಲಿದೆ. ನಿಮ್ಮ ಕ್ಲೆರಿಕ್‌ಗೆ ಈಗಷ್ಟೇ ಸತ್ತವರನ್ನು ಬದುಕಿಸುವ ರಿವಿವಿಫೈ ಮಂತ್ರ ಸಿಕ್ಕಿದೆ. ಸಿಕ್ಕ ಕೂಡಲೇ ಕಿತ್ತುಕೊಂಡ ಹಾಗಾಗುತ್ತದೆ.

ಮೂಲೆಯಕುರ್ಚಿ:

ನಾನು ಯಾವತ್ತೂ ಡಿಎಂ ಆಗಿಲ್ಲ, ಬರೀ ಆಟಗಾರ್ತಿ. ಅದೂ ನಿಮ್ಮ ವಿಜರ್ಡ್ ಥರ ಕಡಿಮೆ ಮಾತಾಡುವವಳು. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಪುಸ್ತಕದ ಬಗ್ಗೆ ಹೇಳುತ್ತಿದ್ದಾರೆ. ನಮ್ಮಂಥವರಿಗೆ ಪುಸ್ತಕ ಯಾವುದಾದರೂ ಪರವಾಗಿಲ್ಲ. ಬೇಕಾಗಿರುವುದು, ಆ ಕಥೆಯಲ್ಲಿ ನನ್ನ ಪಾತ್ರಕ್ಕೆ ಮಾತ್ರ ಸಂಬಂಧಿಸಿದ ಒಂದು ವಿಷಯ. ಯಾರೂ ಓದಲಾಗದ ಶಾಸನವನ್ನು ನನ್ನ ವಿಜರ್ಡ್ ಓದಬೇಕು. ನನಗೆ ಮಾತ್ರ ಗೊತ್ತಿರುವ ಹಳೆಯ ಹೆಸರು ಒಂದು ಕಾಗದದಲ್ಲಿ ಬರಬೇಕು. ಗುಂಪಿನ ಮುಂದೆ "ನೀವು ಏನು ಮಾಡ್ತೀರಿ?" ಅಂತ ಕೇಳಿದರೆ ನನಗೆ ಮಾತು ಬರುವುದಿಲ್ಲ. ಆದರೆ "ಈ ಬಾಗಿಲ ಮೇಲಿನ ಅಕ್ಷರ ನಿಮ್ಮ ಗುರುಗಳ ಕೈಬರಹದ ಹಾಗಿದೆ" ಅಂತ ಹೇಳಿದರೆ ಮುಂದಿನ ಒಂದು ಗಂಟೆ ನಾನೇ ಮಾತಾಡುತ್ತೇನೆ.

ಅವರನ್ನು ಒಮ್ಮೆ ಬೇರೆಯಾಗಿ ಕೇಳಿ ನೋಡಿ, ಕಳೆದ ಕ್ಯಾಂಪೇನ್‌ನಲ್ಲಿ ಯಾವ ಗಳಿಗೆ ಇಷ್ಟವಾಯಿತು ಅಂತ. ಉತ್ತರ ಖಂಡಿತ ಇರುತ್ತದೆ. ಒಂದು ಸೆಷನ್ನೂ ತಪ್ಪಿಸದೆ ಬರುವವರಿಗೆ ಆಟ ಇಷ್ಟವಿಲ್ಲದೆ ಇರುತ್ತದಾ?

ಶೇಕಡಾಡೈಸ್:

ಬೇರೆ ಆಟ ಯಾರೂ ಹೇಳಲಿಲ್ಲವಲ್ಲ, ನಾನು ಹೇಳುತ್ತೇನೆ. ದೊಡ್ಡ ಕ್ಯಾಂಪೇನ್‌ಗೆ ಕೈ ಹಾಕುವ ಮುಂಚೆ ಮಧ್ಯದಲ್ಲಿ ಒಂದು ಸಂಜೆ ಕಾಲ್ ಆಫ್ ಕತುಲು ಅನ್ನುವ ಭಯಾನಕ ಆಟ ಆಡಿಸಿ. 1981ರಿಂದ ಇರುವ ಆಟ, ನಿಯಮ ಸರಳ. ಕೌಶಲ್ಯದ ಪಕ್ಕ ಶೇಕಡಾ ಲೆಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ, ನೂರರ ಡೈಸ್ ಹಾಕಿ ಅದಕ್ಕಿಂತ ಕಡಿಮೆ ಅಥವಾ ಅಷ್ಟೇ ಬಿದ್ದರೆ ಗೆದ್ದಿರಿ. ಉಚಿತವಾಗಿ ಸಿಗುವ ಕ್ವಿಕ್ ಸ್ಟಾರ್ಟ್ ಪುಸ್ತಿಕೆಯಲ್ಲೇ ದಿ ಹಾಂಟಿಂಗ್ ಅನ್ನುವ ಕಥೆ ಇದೆ: ಒಂದು ಮನೆ, ಅದರ ಹಳೆಯ ದಾಖಲೆ, ನೆಲಮಾಳಿಗೆ.

ಇದರಿಂದ ನಿಮಗೆ ಒಂದು ಉಪಯೋಗ ಇದೆ. ನಿಮ್ಮ ಗುಂಪಿಗೆ ಭಯದ ಕಥೆ ಹಿಡಿಸುತ್ತದಾ ಅಂತ ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ. ಹಿಡಿಸಿದರೆ ಸ್ಟ್ರಾಡ್ ತೆಗೆದುಕೊಳ್ಳಿ. ಹೊಡೆದಾಟ ಇಷ್ಟಪಡುವ ಫೈಟರ್ ಪಿಸ್ತೂಲು ಹಿಡಿದೂ ಏನೂ ಮಾಡಲಾಗದೆ ನಿಂತಾಗ ಅವರಿಗೆ ಅದು ರೋಚಕ ಅನ್ನಿಸುತ್ತದಾ, ಬೇಜಾರಾಗುತ್ತದಾ ನೋಡಿ. ಅದನ್ನು ಕೇಳಿ ತಿಳಿಯಲು ಆಗುವುದಿಲ್ಲ, ಆಡಿಸಿಯೇ ತಿಳಿಯಬೇಕು.

ಹೊಸಡಿಎಂ:

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ.

ಆಟಗಾರರನ್ನು ಕೇಳಿದೆ. ಮೂವರಿಗೆ ಇದೇ ಪಾತ್ರಗಳು ಬೇಕು, ರೋಗ್ ಆಡುವವರಿಗೆ ಎರಡೂ ಸರಿ. ಮೂಲೆಯಕುರ್ಚಿ ಅವರೇ, ನೀವು ಹೇಳಿದ ಹಾಗೆ ವಿಜರ್ಡ್ ಆಡುವವರನ್ನು ಬೇರೆಯಾಗಿ ಕೇಳಿದೆ. ಅವರು ಕೂಡಲೇ ಹೇಳಿದ್ದು ಥಂಡರ್‌ಟ್ರೀ ಅನ್ನುವ ಪಾಳು ಊರಿನ ಹಸಿರು ಡ್ರ್ಯಾಗನ್ ವೆನಮ್‌ಫ್ಯಾಂಗ್ ವಿಷಯ. ಅದು ಅರ್ಧ ಗಾಯಗೊಂಡು ಗೋಪುರದಿಂದ ಹಾರಿ ತಪ್ಪಿಸಿಕೊಂಡಿತ್ತು. ಪುಸ್ತಕದಲ್ಲೇ ಹಾಗೆ ಮಾಡಲು ಹೇಳಿದೆ, ನಾನು ಮಾಡಿದೆ. "ಅದು ನಮ್ಮ ಮುಖ ನೋಡಿಕೊಂಡು ಹೋಗಿದೆ, ವಾಪಸ್ ಬರಲ್ವಾ?" ಅಂತ ಕೇಳಿದರು. ಉಳಿದವರೂ ಆಗಾಗ ಅದನ್ನು ನೆನಪಿಸಿಕೊಳ್ಳುತ್ತಲೇ ಇದ್ದಾರೆ.

ಫ್ಯಾಂಡೆಲ್ವರ್ ಅಂಡ್ ಬಿಲೋ ತೆಗೆದುಕೊಂಡರೆ ಇದು ಮುಂದುವರಿಯುತ್ತದಾ? ಅಥವಾ ನಾನೇ ಬರೆಯಬೇಕಾ? ಸ್ವಂತ ಕಥೆ ಬರೆದ ಅನುಭವ ನನಗಿಲ್ಲ.

ಇಪ್ಪತ್ತುಮುಖ:

ಫ್ಯಾಂಡೆಲ್ವರ್ ಅಂಡ್ ಬಿಲೋ ಎರಡನೇ ಅರ್ಧ ಡ್ರ್ಯಾಗನ್ ಕಥೆ ಅಲ್ಲ. ಒಡೆದ ಒಬೆಲಿಸ್ಕ್‌ನ (ಕಲ್ಲಿನ ಸ್ತಂಭದ) ತುಣುಕುಗಳು, ಮಿದುಳು ತಿನ್ನುವ ಮೈಂಡ್ ಫ್ಲೇಯರ್‌ಗಳು, ಭೂಮಿಯ ಕೆಳಗಿನ ವಿಚಿತ್ರ ಜಾಗಗಳು. ಅದಕ್ಕೆ ಬೇಕಾದ ಸುಳಿವುಗಳನ್ನು ಮೊದಲ ಅರ್ಧದಲ್ಲೇ ಬಿತ್ತಿದ್ದಾರೆ, ನೀವು ಆಡಿದ ಹಳೆಯ ಆವೃತ್ತಿಯಲ್ಲಿ ಅವು ಇಲ್ಲ. ಸೇರಿಸಿಕೊಳ್ಳಬಹುದು, ಆದರೆ ನಿಮ್ಮ ಮೇಜಿನಲ್ಲಿ ಆಗಲೇ ಒಂದು ಕಥೆ ಉರಿಯುತ್ತಿರುವಾಗ ಅದನ್ನು ಬಿಟ್ಟು ಬೇರೆ ಯಾಕೆ ಹಚ್ಚಬೇಕು? ಆಟಗಾರರು ತಾವಾಗಿಯೇ "ಅದು ವಾಪಸ್ ಬರಲ್ವಾ" ಅಂತ ಕೇಳುವಂಥ ಖಳನಾಯಕ ಯಾವ ಪುಸ್ತಕ ಕೊಂಡರೂ ಸಿಗುವುದಿಲ್ಲ.

ನನ್ನ ಮೊದಲಿನ ಸಲಹೆ ಬದಲಾಯಿಸುತ್ತೇನೆ. ಸ್ಟಾರ್ಮ್ ಕಿಂಗ್ಸ್ ಆಮೇಲೆ ನೋಡೋಣ. ಮೊದಲು ಡ್ರ್ಯಾಗನ್.

ಮಂಜಿನದಾರಿ:

ಸ್ಟ್ರಾಡ್ ಅಭಿಮಾನಿಯಾಗಿ ನಾನೂ ಒಪ್ಪುತ್ತೇನೆ. ಒಂದು ವಿಷಯ ಮಾತ್ರ ಸ್ಟ್ರಾಡ್‌ನಿಂದ ಕದ್ದುಕೊಳ್ಳಿ: ಡ್ರ್ಯಾಗನ್ ಕಥೆಯ ಉದ್ದಕ್ಕೂ ಕಾಣಿಸಿಕೊಳ್ಳಲಿ. ಹಸಿರು ಡ್ರ್ಯಾಗನ್‌ಗಳು ಸುಳ್ಳು, ಸಂಚು, ಮಾತಿನ ಮೋಡಿಯಲ್ಲಿ ನಿಪುಣ. ಚಿನ್ನಕ್ಕಿಂತ ಮನುಷ್ಯರನ್ನು ಬುಟ್ಟಿಗೆ ಹಾಕಿಕೊಳ್ಳುವುದು ಅದಕ್ಕೆ ಇಷ್ಟ ಅಂತ ಇಟ್ಟುಕೊಳ್ಳಿ. ಮೊದಲ ಭೇಟಿ ಹೊಡೆದಾಟ ಆಗದೆ ಒಂದು ಸಂದೇಶ ಆಗಲಿ. ಊರಿನಲ್ಲಿ ಕ್ಲೆರಿಕ್‌ಗೆ ಪ್ರೀತಿ ಇರುವ ಯಾರೋ ಒಬ್ಬರ ಬಾಯಿಂದ ಅದು ಬರಲಿ.

ನಕ್ಷೆಮಾತು:

ಬರೆದ ಅನುಭವ ಇಲ್ಲ ಅಂತ ಹೆದರಬೇಡಿ. ಇಡೀ ಕಥೆ ಬರೆಯಬೇಕಾಗಿಲ್ಲ, ಬರೆಯಲೂಬಾರದು. ವಾರಕ್ಕೆ ಒಂದು ಸಂಜೆ ಇದೆಯಲ್ಲ, ಅಷ್ಟು ಸಾಕು. ಲೆವೆಲ್ 5ರಿಂದ 6 ಅಥವಾ 7ರವರೆಗಿನ ಒಂದು ಸಣ್ಣ ಸುತ್ತು ಅಂತ ಯೋಚಿಸಿ, ಕೊನೆ ಇರುವ ಸುತ್ತು.

ನಾನು ಹೀಗೆ ಮಾಡುತ್ತೇನೆ. ಡ್ರ್ಯಾಗನ್‌ಗೆ ಏನು ಬೇಕು ಅಂತ ಒಂದು ವಾಕ್ಯ. ಉದಾಹರಣೆಗೆ, ಮಂತ್ರದ ಆಯುಧ ಮಾಡುವ ಕುಲುಮೆ ಗಣಿಯೊಳಗಿದೆಯಲ್ಲ, ಅದು ತನ್ನ ವಶಕ್ಕೆ ಬೇಕು. ಆಮೇಲೆ ಆರು ಭಾಗ ಮಾಡಿದ ಒಂದು ವೃತ್ತ ಬರೆಯಿರಿ. ಇದು ಬ್ಲೇಡ್ಸ್ ಇನ್ ದ ಡಾರ್ಕ್ ಆಟದಲ್ಲಿ ಬರುವ ಪದ್ಧತಿ, ಯಾವ ಆಟಕ್ಕೂ ಹೊಂದುತ್ತದೆ. ಪಾತ್ರಗಳು ಸುಮ್ಮನಿದ್ದಾಗ, ಸೋತಾಗ, ಬೇರೆ ದಾರಿ ಹಿಡಿದಾಗ ಒಂದೊಂದು ಭಾಗ ತುಂಬಿ. ಪ್ರತಿ ಭಾಗಕ್ಕೂ ಕಣ್ಣಿಗೆ ಕಾಣುವ ಒಂದು ಬದಲಾವಣೆ: ಗಣಿಗೆ ಹೋದ ಗಾಡಿ ವಾಪಸ್ ಬರಲಿಲ್ಲ, ಊರಿನ ಬಾವಿ ನೀರು ಕಹಿಯಾಯಿತು, ನಂಡ್ರೊ ರಾತ್ರಿ ಯಾರನ್ನೋ ಭೇಟಿಯಾಗುತ್ತಿದ್ದಾನೆ. ಆರೂ ತುಂಬಿದರೆ ಕುಲುಮೆ ಡ್ರ್ಯಾಗನ್ ಕೈಗೆ ಹೋಯಿತು. ವೃತ್ತವನ್ನು ಆಟಗಾರರಿಗೆ ಕಾಣುವ ಹಾಗೆಯೇ ಮೇಜಿನ ಮೇಲಿಡಿ.

ಜಾಗ ಮೂರು ಸಾಕು: ಗಣಿ, ನೆವರ್‌ವಿಂಟರ್ ಕಾಡಿನಲ್ಲಿ ಹೊಸ ಗುಹೆ, ಮತ್ತೆ ಥಂಡರ್‌ಟ್ರೀ. ಥಂಡರ್‌ಟ್ರೀಗೆ ಬಂದಿದ್ದ ಡ್ರ್ಯಾಗನ್ ಪಂಥದವರು ನಿಮ್ಮ ಆಟದಲ್ಲಿ ಬದುಕಿದ್ದರೆ ಅವರೇ ಅದರ ಕೈಕಾಲು. ವಿಜರ್ಡ್‌ಗೆ ಮಾತ್ರ ಓದಲು ಬರುವ ಬರಹ ಕುಲುಮೆಯ ಗೋಡೆಯ ಮೇಲಿರಲಿ.

ಈಗ ಹೊಡೆದಾಟದ ಲೆಕ್ಕ, ಇದು ಮುಖ್ಯ. ಲೆವೆಲ್ 5ಕ್ಕೆ ಬಂದಾಗ ಪಾತ್ರಗಳ ಬಲ ಒಮ್ಮೆಲೇ ಜಿಗಿಯುತ್ತದೆ. ಫೈಟರ್‌ಗೆ ಒಂದು ಸರದಿಯಲ್ಲಿ ಎರಡು ಏಟು, ವಿಜರ್ಡ್‌ಗೆ ಫೈರ್‌ಬಾಲ್ ಮಂತ್ರ. ಹಾಗಾಗಿ ಒಂದೇ ಶತ್ರುವನ್ನು ನಾಲ್ಕು ಜನರ ಮಧ್ಯೆ ನೆಲದ ಮೇಲೆ ನಿಲ್ಲಿಸಿದರೆ ಬೇಗ ಮುಗಿದುಹೋಗುತ್ತದೆ. 2014ರ ನಿಯಮಗಳಲ್ಲಿ ಎಳೆಯ ಹಸಿರು ಡ್ರ್ಯಾಗನ್‌ನ ಹಿಟ್ ಪಾಯಿಂಟ್ (ಎಷ್ಟು ಏಟು ತಾಳುತ್ತದೆ ಅನ್ನುವ ಲೆಕ್ಕ) 136, ಅದು ನಾಲ್ಕು ಜನಕ್ಕೆ ಅಂಥ ದೊಡ್ಡದೇನಲ್ಲ. ಆದರೆ ಅದರ ವಿಷದ ಉಸಿರು ಆರು ಮುಖದ 12 ಡೈಸ್, ಸರಾಸರಿ 42. ಲೆವೆಲ್ 5ರ ವಿಜರ್ಡ್‌ಗೆ 30ರ ಆಸುಪಾಸು ಇರುತ್ತದೆ. ಸೇವ್ (ಏಟು ತಡೆದುಕೊಳ್ಳಲು ಹಾಕುವ ಡೈಸ್) ತಪ್ಪಿದರೆ ಒಂದೇ ಉಸಿರಿಗೆ ಬಿದ್ದರು. ಇದನ್ನು ಆಟಗಾರರು ಮೊದಲೇ ಊಹಿಸುವಂತೆ ಮಾಡಿ: ದಾರಿಯಲ್ಲಿ ಒಣಗಿ ಸುಕ್ಕಾದ ಮರಗಳು, ಉಸಿರು ಕಟ್ಟಿ ಸತ್ತ ಜಿಂಕೆಗಳ ಹಿಂಡು. ವಿಷ ತಡೆಯುವ ಮದ್ದು ಹುಡುಕಿಕೊಂಡು ಹೋಗುವುದೇ ಒಂದು ಸೆಷನ್ ಆಗುತ್ತದೆ. ಡ್ರ್ಯಾಗನ್ ಹಾರಲಿ, ಮರಗಳ ಮರೆಯಲ್ಲಿ ಅಡಗಲಿ, ನೀರಿನಲ್ಲಿ ಈಜಲಿ, ಹಸಿರು ಡ್ರ್ಯಾಗನ್‌ಗೆ ನೀರಿನಲ್ಲೂ ಉಸಿರಾಡಲು ಬರುತ್ತದೆ. ಜೊತೆಗೆ ಕೆಳಗೆ ಮೂರ್ನಾಲ್ಕು ಪಂಥದವರು ಇದ್ದರೆ ಫೈಟರ್‌ಗೂ ಕೈತುಂಬಾ ಕೆಲಸ.

ಹೊಸಡಿಎಂ:

ಕುಲುಮೆ! ಅದು ಹೊಳೆದಿರಲೇ ಇಲ್ಲ. ನಂಡ್ರೊ ರಾತ್ರಿ ಯಾರನ್ನೋ ಭೇಟಿಯಾಗುವುದು ಕೇಳಿದರೆ ನಮ್ಮ ರೋಗ್ ಬಿಡುವುದೇ ಇಲ್ಲ, ಅವತ್ತೇ ಹಿಂಬಾಲಿಸುತ್ತಾರೆ. ಅವನಿಗೆ ಡ್ರ್ಯಾಗನ್ ಏನು ಆಸೆ ತೋರಿಸಿರಬಹುದು? ಗಣಿಯಲ್ಲಿ ಸತ್ತ ಅಣ್ಣ ಥಾರ್ಡೆನ್‌ನನ್ನು ಬದುಕಿಸಿಕೊಡುತ್ತೇನೆ ಅಂತ ಹೇಳಿದ್ದರೆ?

ಮಂಜಿನದಾರಿ:

ಅದೇ. ಇನ್ನು ಯಾರನ್ನೂ ಕೇಳಬೇಡಿ, ಹೋಗಿ ಅದನ್ನು ಬರೆದಿಟ್ಟುಕೊಳ್ಳಿ. ಡ್ರ್ಯಾಗನ್ ಹೇಳಿದ್ದು ಸುಳ್ಳಾ ನಿಜವಾ ಅಂತ ಈಗಲೇ ತೀರ್ಮಾನ ಮಾಡಬೇಡಿ, ಕ್ಲೆರಿಕ್ ಏನು ಕೇಳುತ್ತಾರೆ ನೋಡಿ ಆಮೇಲೆ ಮಾಡಿ.